ಟೋಕನ್ ಕಳಿಸಿದರೆ ಚಪ್ಪಲಿ ಬರೋದಿಲ್ಲ: ಎರಡು ಪ್ರೊಸೆಸ್‌ಗಳು ಒಂದು ಫೈಲನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ಪಾರ್ಕಿಂಗ್ ಗೇಟ್ ಒಂದಕ್ಕೆ ಲಿನಕ್ಸ್ ಬೋರ್ಡ್ ಮೇಲೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಎರಡು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಇವೆ. ಒಂದು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡುತ್ತದೆ. ಕ್ಯಾಮೆರಾ, ಗೇಟ್, ಫೈಲ್‌ಗಳು ಎಲ್ಲ ಅದರ ಕೈಯಲ್ಲಿ. ಇನ್ನೊಂದು ಬೇರೆ ಯೂಸರ್ ಆಗಿ ಓಡಿ, ಚಿತ್ರ ನೋಡಿ ನಂಬರ್ ಪ್ಲೇಟ್ ಓದುತ್ತದೆ. ರೂಟ್ ತೆರೆದ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲಿನ ಡಿಸ್ಕ್ರಿಪ್ಟರ್ ನಂಬರನ್ನು, ಅಂದರೆ ತೆರೆದ ಫೈಲಿಗೆ ಸಿಸ್ಟಂ ಕೊಡುವ ನಂಬರನ್ನು, ಪೈಪ್‌ನಲ್ಲಿ (ಎರಡು ಪ್ರೊಸೆಸ್‌ಗಳ ನಡುವಿನ ಡೇಟಾ ಕೊಳವೆ) ಕಳಿಸಿದೆ. ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ ಅಂತ ಬಂತು. ಆಮೇಲೆ ಫೈಲಿನ ಹೆಸರು ಕಳಿಸಿ, ಅದಕ್ಕೆ ಚ್‌ಮಾಡ್ 666 ಮಾಡಿದೆ, ಅಂದರೆ ಯಾರು ಬೇಕಾದರೂ ಓದಿ ಬರೆಯುವ ಅನುಮತಿ ಕೊಟ್ಟೆ. ಕೆಲಸ ಆಯಿತು. ಚಿತ್ರಗಳನ್ನೂ ಶೇರ್ಡ್ ಮೆಮೊರಿಯಲ್ಲಿ (ಎರಡೂ ಪ್ರೊಸೆಸ್ ನೇರವಾಗಿ ಬಳಸುವ ಮೆಮೊರಿ) ಒಂದು ಹೆಸರಿಟ್ಟು 666 ಮಾಡಿ ಇಟ್ಟಿದ್ದೇನೆ. ನಮ್ಮ ಸೀನಿಯರ್ ನೋಡಿ, ‘ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗಿದೆ’ ಎಂದರು. ಸರಿಯಾದ ದಾರಿ ಯಾವುದು? ಪೈಥಾನ್‌ನಲ್ಲಿ ಇದೆಲ್ಲ ಆಗುತ್ತದಾ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸರಿ. ಆದರೆ ನಿಮ್ಮ ಮೊದಲ ಪ್ರಯತ್ನ ಇದೆಯಲ್ಲ, ಡಿಸ್ಕ್ರಿಪ್ಟರನ್ನೇ ಕಳಿಸೋಣ ಅಂದುಕೊಂಡಿದ್ದು, ಆ ಯೋಚನೆಯೂ ಸರಿಯೇ. ಕಳಿಸಿದ ರೀತಿ ಮಾತ್ರ ತಪ್ಪಾಯಿತು. ಅದನ್ನೇ ಇನ್ನಷ್ಟು ಕೆದಕುವ ಬದಲು ಚ್‌ಮಾಡ್‌ಗೆ ಕೈ ಹಾಕಿದಿರಿ. ಪರವಾಗಿಲ್ಲ, ಆ ಕೆಲಸ ನಾನೂ ಮಾಡಿದವನೇ.

ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇರುತ್ತದೆ. ಚಪ್ಪಲಿ ಕೊಟ್ಟರೆ ಒಂದು ಟೋಕನ್ ಕೊಡುತ್ತಾರೆ. ಅದರ ಮೇಲೆ 7 ಅಂತ ಬರೆದಿದೆ ಅಂದುಕೊಳ್ಳಿ. ಆ 7ಕ್ಕೆ ಅರ್ಥ ಇರುವುದು ಆ ಸ್ಟ್ಯಾಂಡಿನಲ್ಲಿ ಮಾತ್ರ. ಪಕ್ಕದ ಊರಿನ ದೇವಸ್ಥಾನಕ್ಕೆ ಹೋಗಿ 7 ಅಂದರೆ, ಒಂದೋ ಆ ಗೂಡು ಖಾಲಿ ಇರುತ್ತದೆ, ಇಲ್ಲವೇ ಯಾರದೋ ಚಪ್ಪಲಿ ಕೈಗೆ ಬರುತ್ತದೆ. ಫೈಲ್ ಡಿಸ್ಕ್ರಿಪ್ಟರ್ ಅಂದರೆ ಈ ಟೋಕನ್. ಪ್ರತಿ ಪ್ರೊಸೆಸ್‌ಗೂ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಅದರದ್ದೇ ಒಂದು ಪಟ್ಟಿ ಇರುತ್ತದೆ. 7 ಅನ್ನುವುದು ಆ ಪಟ್ಟಿಯ ಏಳನೇ ಗೂಡು. ನಿಮ್ಮ ಎರಡನೇ ಪ್ರೊಸೆಸ್‌ನ ಪಟ್ಟಿಯಲ್ಲಿ ಆ ಗೂಡು ಖಾಲಿ ಇತ್ತು, ಅದಕ್ಕೇ ಎರರ್ ಬಂತು. ಅಲ್ಲಿ ಬೇರೊಂದು ಫೈಲ್ ಇದ್ದಿದ್ದರೆ ಎರರ್ ಕೂಡ ಬರುತ್ತಿರಲಿಲ್ಲ. ತಪ್ಪು ಫೈಲಿಗೆ ಸುಮ್ನೆ ಬರೆದುಕೊಂಡು ಕೂರುತ್ತಿದ್ದಿರಿ.

ಈ ಗೂಡಿನೊಳಗೆ ಇರುವುದು ಫೈಲ್ ಅಲ್ಲ. ಅಲ್ಲಿರುವುದು ‘ತೆರೆದ ಫೈಲ್’ ಅನ್ನುವ ಕರ್ನಲ್‌ನ ಒಂದು ವಸ್ತುವಿನ ಕಡೆಗೆ ಕೈತೋರಿಸುವ ಬಾಣ. ಫೈಲನ್ನು ಓದಲು ತೆರೆದಿದ್ದೀರಾ, ಬರೆಯಲಾ, ಎಲ್ಲಿವರೆಗೆ ಓದಿದ್ದೀರಿ, ಕಾಯುತ್ತೀರಾ ಇಲ್ಲವಾ ಅನ್ನುವುದೆಲ್ಲ ಆ ವಸ್ತುವಿನಲ್ಲಿ ದಾಖಲಾಗಿರುತ್ತದೆ. ಅದು ಮತ್ತೆ ಡಿಸ್ಕ್ ಮೇಲಿನ ಐನೋಡ್ (ಮಾಲೀಕ, ಅನುಮತಿ, ಗಾತ್ರ ಎಲ್ಲ ಇರುವ ಫೈಲಿನ ಮೂಲ ದಾಖಲೆ) ಕಡೆಗೆ ಕೈತೋರಿಸುತ್ತದೆ. ಗೂಡು, ತೆರೆದ ಫೈಲ್, ಐನೋಡ್ ಅಂತ ಮೂರು ಅಂತಸ್ತು. ಕೆಳಗೆ ಬರುವ ಎಲ್ಲ ತಲೆನೋವೂ ಈ ಮೂರರಲ್ಲಿ ಯಾವುದನ್ನು ಹಂಚುತ್ತಿದ್ದೇವೆ ಅನ್ನುವುದು ಮರೆತಾಗ ಬರುವುದೇ.

ಈಗ 666ರ ವಿಷಯ. ನೀವು ಹೆಸರು ಕಳಿಸಿದಿರಿ. ಹೆಸರು ಎಲ್ಲರಿಗೂ ಗೊತ್ತಾಗುವಂಥದ್ದು. ಒಬ್ಬನಿಗೆ ಅಂತ ಬಾಗಿಲು ತೆಗೆದರೆ ಆ ಬೋರ್ಡ್ ಮೇಲಿನ ಪ್ರತಿ ಯೂಸರ್‌ಗೂ ತೆಗೆದಂತಾಯಿತು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇವತ್ತು ರೂಟ್ ಹೆಸರು ಕಳಿಸುತ್ತದೆ. ನಾಳೆ ನಂಬರ್ ಪ್ಲೇಟ್ ಓದುವ ಆ ಚಿಕ್ಕ ಪ್ರೊಸೆಸ್ ‘ಈ ಹೆಸರಿನ ಫೈಲಿಗೆ ರಿಪೋರ್ಟ್ ಬರೆ’ ಅಂತ ರೂಟ್‌ಗೆ ಹೇಳುವ ದಿನ ಬಂದೇ ಬರುತ್ತದೆ. ಆ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಫೈಲಿಗೆ ಹೋಗುವ ಸಿಂಬಾಲಿಕ್ ಲಿಂಕ್ ಇದ್ದರೆ? ರೂಟ್ ಪಾಪ, ತನ್ನ ಅಧಿಕಾರದಲ್ಲಿ ಅದನ್ನು ತೆರೆದು ಬರೆದುಬಿಡುತ್ತದೆ.

ಇದು ಹಳೇ ಕಥೆ. ನಾರ್ಮ್ ಹಾರ್ಡಿ ಅನ್ನುವವರು 1988ರಲ್ಲಿ ಇದನ್ನು ಬರೆದಿಟ್ಟರು. ಟೈಮ್‌ಶೇರ್ ಕಂಪನಿಯ ಯಂತ್ರದಲ್ಲಿ ಒಂದು ಫೋರ್ಟ್ರಾನ್ ಕಂಪೈಲರ್ ಇತ್ತು. ತನ್ನ ಬಳಕೆಯ ಅಂಕಿಅಂಶವನ್ನು ಸಿಸ್ಟಂ ಡೈರೆಕ್ಟರಿಯಲ್ಲಿ ಬರೆಯಲು ಅದಕ್ಕೆ ಅನುಮತಿ ಕೊಟ್ಟಿದ್ದರು. ಬಿಲ್ಲಿಂಗ್ ಫೈಲ್ ಕೂಡ ಅದೇ ಡೈರೆಕ್ಟರಿಯಲ್ಲಿತ್ತು. ಡೀಬಗ್ ವಿವರ ಯಾವ ಫೈಲಿಗೆ ಹಾಕಲಿ ಅಂತ ಕಂಪೈಲರ್ ಕೇಳಿದಾಗ ಒಬ್ಬ ಬಳಕೆದಾರ ಬಿಲ್ಲಿಂಗ್ ಫೈಲಿನ ಹೆಸರು ಕೊಟ್ಟ. ಬಿಲ್ಲೆಲ್ಲ ಅಳಿಸಿಹೋಯಿತು. ಇದಕ್ಕೆ ‘ಕನ್‌ಫ್ಯೂಸ್ಡ್ ಡೆಪ್ಯುಟಿ’ ಅಂತ ಹೆಸರು ಬಿತ್ತು. ಇಬ್ಬರು ಯಜಮಾನರ ಅಧಿಕಾರವನ್ನು ಒಂದೇ ಕೈಯಲ್ಲಿ ಹಿಡಿದ ಗುಮಾಸ್ತ, ಯಾರ ಕೆಲಸಕ್ಕೆ ಯಾರ ಅಧಿಕಾರ ಬಳಸುತ್ತಿದ್ದೇನೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಬಳಕೆದಾರ ಹೆಸರಿನ ಬದಲು ತಾನೇ ತೆರೆದ ಫೈಲನ್ನು ಕೊಡಬೇಕು ಅಂತ ನಿಯಮ ಇದ್ದಿದ್ದರೆ ಈ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ.

ಹಾಗಾಗಿ ಹೆಸರು ಬೇಡ, ವಸ್ತುವನ್ನೇ ಕೊಡಿ. ಯುನಿಕ್ಸ್‌ನಲ್ಲಿ ಇದಕ್ಕೆ ದಾರಿ 1983ರ 4.2ಬಿಎಸ್‌ಡಿ ಅನ್ನುವ ಆವೃತ್ತಿಯ ಕಾಲದಿಂದ ಇದೆ. ಯುನಿಕ್ಸ್ ಡೊಮೇನ್ ಸಾಕೆಟ್ (ಒಂದೇ ಯಂತ್ರದ ಪ್ರೊಸೆಸ್‌ಗಳು ಮಾತಾಡಿಕೊಳ್ಳುವ ಕೊಂಡಿ) ಮೇಲೆ ಸೆಂಡ್‌ಎಂಎಸ್‌ಜಿ ಕರೆದು, ಡೇಟಾದ ಜೊತೆ ಒಂದು ಕಂಟ್ರೋಲ್ ಮೆಸೇಜ್ ಲಗತ್ತಿಸುತ್ತೀರಿ. ಅದರ ಬಗೆ ಎಸ್‌ಸಿಎಂ_ರೈಟ್ಸ್. ಅದರೊಳಗೆ ನಿಮ್ಮ 7 ಇಡುತ್ತೀರಿ. ಕರ್ನಲ್ ಆ 7ನ್ನು ಹಾಗೇ ಸಾಗಿಸುವುದಿಲ್ಲ. ನಿಮ್ಮ ಪಟ್ಟಿಯ ಏಳನೇ ಗೂಡಿನಲ್ಲಿ ಯಾವ ವಸ್ತು ಇದೆ ಅಂತ ನೋಡಿ, ಆ ವಸ್ತುವನ್ನು ಹಿಡಿದುಕೊಳ್ಳುತ್ತದೆ. ಆ ಕಡೆ ರಿಸೀವ್‌ಎಂಎಸ್‌ಜಿ ಕರೆದಾಗ, ಅವರ ಪಟ್ಟಿಯಲ್ಲಿ ಖಾಲಿ ಇರುವ ಗೂಡು ಹುಡುಕಿ ಅದರಲ್ಲಿಟ್ಟು, ಹೊಸ ನಂಬರ್ ಹೇಳುತ್ತದೆ. ಅದು 4 ಇರಬಹುದು, 19 ಇರಬಹುದು. ಟೋಕನ್ ಬೇರೆ, ಚಪ್ಪಲಿ ಅದೇ.

ಕಳಿಸಿದ ಕೂಡಲೇ ನೀವು ನಿಮ್ಮ 7ನ್ನು ಮುಚ್ಚಬಹುದು. ದಾರಿಯಲ್ಲಿರುವ ವಸ್ತುವನ್ನು ಕರ್ನಲ್ ಹಿಡಿದಿರುತ್ತದೆ. ಸ್ಟ್ರೀಮ್ ಸಾಕೆಟ್ ಆದರೆ ಜೊತೆಗೆ ಕನಿಷ್ಠ ಒಂದು ಬೈಟ್ ನಿಜವಾದ ಡೇಟಾ ಕಳಿಸಲೇಬೇಕು. ಇದು ಗೊತ್ತಿಲ್ಲದೆ ಒಂದು ಮಧ್ಯಾಹ್ನ ಪೂರ್ತಿ ಕಳೆದುಕೊಂಡವರನ್ನು ನಾನು ಬಲ್ಲೆ. ಒಂದು ಮೆಸೇಜ್‌ನಲ್ಲಿ ಲಿನಕ್ಸ್ 253 ಡಿಸ್ಕ್ರಿಪ್ಟರ್‌ವರೆಗೆ ಬಿಡುತ್ತದೆ. ನಿಮಗೆ ಎರಡು ಮೂರು ಸಾಕು.

ಇದೇನು ಮೂಲೆಯ ತಂತ್ರ ಅಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅಧಿಕಾರ ಇರುವ ಭಾಗ ಟರ್ಮಿನಲ್ ತೆರೆದು, ಅಧಿಕಾರ ಇಲ್ಲದ ಭಾಗಕ್ಕೆ ಹೀಗೇ ದಾಟಿಸುತ್ತದೆ. ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ವೇಲ್ಯಾಂಡ್‌ನಲ್ಲಿ ಪ್ರತಿ ಆ್ಯಪ್ ತನ್ನ ಕಿಟಕಿಯ ಚಿತ್ರವನ್ನು ಹೀಗೇ ಹಂಚುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಕೆಟ್ ಬದಲು ಬೈಂಡರ್ ಅನ್ನುವ ಸಂದೇಶ ವ್ಯವಸ್ಥೆ ಇದೆ, ತತ್ವ ಅದೇ.

ಇಲ್ಲಿವರೆಗೆ ಸುಲಭ. ಈಗ ಕೊಡುವಾಗ ಜೊತೆಗೆ ಏನೇನು ಹೋಗುತ್ತದೆ ಅಂತ ನೋಡೋಣ, ಯಾಕೆಂದರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೋಗುತ್ತದೆ.

ಹೋಗುವುದು ‘ತೆರೆದ ಫೈಲ್’ ಅನ್ನುವ ವಸ್ತು, ಅಂದರೆ ಮೂರರಲ್ಲಿ ನಡು ಅಂತಸ್ತು. ಎಲ್ಲಿವರೆಗೆ ಓದಿದ್ದೀರಿ ಅನ್ನುವ ಗುರುತು ಅದರಲ್ಲೇ ಇದೆ. ಒಂದೇ ಪುಸ್ತಕ, ಒಂದೇ ನವಿಲುಗರಿ, ಇಬ್ಬರು ಓದುಗರು. ಚಿಕ್ಕ ಪ್ರೊಸೆಸ್ ನೂರು ಬೈಟ್ ಓದಿದರೆ ನಿಮ್ಮ ಗುರುತೂ ನೂರು ಬೈಟ್ ಮುಂದೆ ಹೋಗುತ್ತದೆ. ಅದು ನಾನ್‌ಬ್ಲಾಕ್ (ಕಾಯಬೇಡ) ಅಂತ ಫ್ಲ್ಯಾಗ್ ಹಾಕಿದರೆ ನಿಮಗೂ ಬಿತ್ತು. ಹಾಗಾಗಿ ಹಂಚಿದ ಫೈಲನ್ನು ಇಬ್ಬರೂ ಬಳಸುವುದಾದರೆ ರೀಡ್ ಬದಲು ಪ್ರೀಡ್ ಬಳಸಿ, ಅದು ಗುರುತನ್ನು ಮುಟ್ಟದೆ ನೀವು ಹೇಳಿದ ಜಾಗದಿಂದ ಓದುತ್ತದೆ. ಅದಕ್ಕಿಂತ ಒಳ್ಳೆಯದು, ಕೊಡುವುದಕ್ಕೆ ಅಂತಲೇ ಫೈಲನ್ನು ಮತ್ತೊಮ್ಮೆ ಬೇರೆಯಾಗಿ ತೆರೆಯಿರಿ. ಡೂಪ್ (ಡಿಸ್ಕ್ರಿಪ್ಟರ್ ನಕಲು ಮಾಡುವ ಕರೆ) ಮಾಡಿದರೆ ಸಾಲದು, ಡೂಪ್ ಹೊಸ ಗೂಡು ಕೊಡುತ್ತದೆ, ಹೊಸ ವಸ್ತು ಕೊಡುವುದಿಲ್ಲ.

ಎರಡನೆಯದು ಅನುಮತಿ. ಲಿನಕ್ಸ್ ಅನುಮತಿ ಕೇಳುವುದು ತೆರೆಯುವಾಗ. ಓದುವಾಗ, ಬರೆಯುವಾಗ ಸಾಮಾನ್ಯ ಫೈಲಿಗೆ ಮತ್ತೆ ಕೇಳುವುದಿಲ್ಲ. ರೂಟ್ ತೆರೆದು ಕೊಟ್ಟರೆ ಮುಗಿಯಿತು. ಆಮೇಲೆ ನೀವು ಚ್‌ಮಾಡ್ 000 (ಯಾರಿಗೂ ಅನುಮತಿ ಇಲ್ಲ) ಮಾಡಿದರೂ ಅವರ ಕೈಯಲ್ಲಿರುವುದು ಕೆಲಸ ಮಾಡುತ್ತಲೇ ಇರುತ್ತದೆ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಸಾಮಾನ್ಯ ದಾರಿ ಇಲ್ಲ. ಹಾಗಾಗಿ ಕಡಿಮೆ ಮಾಡುವುದೇನಿದ್ದರೂ ಕೊಡುವ ಮೊದಲೇ ಮಾಡಬೇಕು. ನಿಮ್ಮ ಕಾನ್ಫಿಗ್ ಫೈಲನ್ನು ಓದಲು ಮಾತ್ರ ತೆರೆದು ಕೊಡಿ, ಓದು-ಬರಹ ಎರಡಕ್ಕೂ ತೆರೆದದ್ದನ್ನಲ್ಲ.

‘ಓದಲು ಮಾತ್ರ’ ಕೊಟ್ಟರೆ ಸಾಕಾ? ಎಲ್ಲಾ ಸಲ ಸಾಕಾಗುವುದಿಲ್ಲ. ಲಿನಕ್ಸ್‌ನಲ್ಲಿ /ಪ್ರಾಕ್/ಸೆಲ್ಫ್/ಎಫ್‌ಡಿ ಅನ್ನುವ ಡೈರೆಕ್ಟರಿ ಇದೆ. ನಿಮ್ಮ ಪಟ್ಟಿಯ ಪ್ರತಿ ಗೂಡೂ ಅಲ್ಲಿ ಒಂದು ಲಿಂಕ್ ಆಗಿ ಕಾಣುತ್ತದೆ. ಆ ಲಿಂಕನ್ನು ಹಿಡಿದು ಅದೇ ಐನೋಡನ್ನು ಹೊಸದಾಗಿ, ಈ ಸಲ ಬರೆಯಲು, ತೆರೆಯಬಹುದು. ತೆರೆಯುವವನಿಗೆ ಆ ಐನೋಡ್ ಮೇಲೆ ಬರೆಯುವ ಅನುಮತಿ ಇದ್ದರೆ ಸಾಕು, ದಾರಿಯ ಡೈರೆಕ್ಟರಿಗಳಲ್ಲಿ ಅವನನ್ನು ಯಾರೂ ತಡೆಯುವುದಿಲ್ಲ. ನಿಮ್ಮ ಚಿಕ್ಕ ಪ್ರೊಸೆಸ್ ಬೇರೆ ಯೂಸರ್. ಫೈಲ್ ರೂಟ್‌ನದ್ದು, ಮೋಡ್ 600 (ಓದು-ಬರಹ ಮಾಲೀಕನಿಗೆ ಮಾತ್ರ) ಇದ್ದರೆ ಈ ಆಟ ನಡೆಯುವುದಿಲ್ಲ. 666 ಬಿಟ್ಟಿದ್ದರೆ ಸಲೀಸಾಗಿ ನಡೆಯುತ್ತದೆ. ಬೇರೆ ಯೂಸರ್ ಇಟ್ಟಿದ್ದೀರಲ್ಲ, ನಿಮ್ಮ ವಿನ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಒಂದೇ ಯೂಸರ್ ಆಗಿದ್ದರೆ ಈ ಇಡೀ ಉತ್ತರಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 2019ರ ಫೆಬ್ರವರಿ ನೆನಪಿಸಿಕೊಳ್ಳಿ. ಡಾಕರ್ ಕಂಟೇನರ್‌ಗಳನ್ನು (ಹೋಸ್ಟ್, ಅಂದರೆ ಹೊರಗಿನ ಯಂತ್ರದಿಂದ ಬೇರ್ಪಡಿಸಿ ಪ್ರೋಗ್ರಾಂ ಓಡಿಸುವ ಡಬ್ಬಿಗಳು) ಚಾಲೂ ಮಾಡುವ ರನ್‌ಸಿ ಅನ್ನುವ ಪ್ರೋಗ್ರಾಂನಲ್ಲಿ ಒಂದು ತೂತು ಹೊರಬಿತ್ತು, ಅದರ ದಾಖಲೆ ಸಂಖ್ಯೆ ಸಿವಿಇ-2019-5736. ಕಂಟೇನರ್ ಒಳಗೆ ಕಾಲಿಟ್ಟ ರನ್‌ಸಿಯನ್ನು, ಒಳಗಿದ್ದ ಕೆಟ್ಟ ಪ್ರೋಗ್ರಾಂ /ಪ್ರಾಕ್ ಮೂಲಕ ಹಿಡಿಯುತ್ತಿತ್ತು. ಮೊದಲು ಓದಲು ಮಾತ್ರ ಅಂತ ತೆರೆಯುತ್ತಿತ್ತು, ಓಡುತ್ತಿರುವ ಪ್ರೋಗ್ರಾಂಗೆ ಬರೆಯಲು ಕರ್ನಲ್ ಬಿಡುವುದಿಲ್ಲವಲ್ಲ. ರನ್‌ಸಿ ಕೆಲಸ ಮುಗಿಸಿ ಹೊರಬಿದ್ದ ಕ್ಷಣ, ಕೈಯಲ್ಲಿದ್ದ ಡಿಸ್ಕ್ರಿಪ್ಟರನ್ನೇ /ಪ್ರಾಕ್/ಸೆಲ್ಫ್/ಎಫ್‌ಡಿ ಮೂಲಕ ಬರೆಯಲು ಮತ್ತೆ ತೆರೆಯುತ್ತಿತ್ತು. ಒಳಗಿನ ರೂಟ್ ಹೊರಗೂ ರೂಟ್ ಆಗಿದ್ದರೆ ಅನುಮತಿಗೆ ಅಡ್ಡಿಯೇ ಇಲ್ಲ. ಹೋಸ್ಟ್ ಯಂತ್ರದ ರನ್‌ಸಿ ಫೈಲೇ ಬದಲಾಗುತ್ತಿತ್ತು. ಮುಂದಿನ ಸಲ ಯಾರಾದರೂ ಕಂಟೇನರ್ ಚಾಲೂ ಮಾಡಿದರೆ ಓಡುವುದು ಕಳ್ಳನ ಪ್ರೋಗ್ರಾಂ, ಅದೂ ಹೋಸ್ಟ್‌ನಲ್ಲಿ ರೂಟ್ ಆಗಿ. ಇದಕ್ಕೆ ಮಾಡಿದ ಪರಿಹಾರ ನಿಮ್ಮ ಕೆಲಸಕ್ಕೂ ಬರುತ್ತದೆ, ಸ್ವಲ್ಪ ಕಾಯಿರಿ.

ಅದೇ ರನ್‌ಸಿಯಲ್ಲಿ 2024ರ ಜನವರಿ ಕೊನೆಗೆ ಇನ್ನೊಂದು ಬಂತು, ಸಿವಿಇ-2024-21626. ಈ ಸಲ ಯಾರೂ ಏನನ್ನೂ ಕೊಡಲಿಲ್ಲ, ಅದಾಗಿಯೇ ಸೋರಿತು. ಹೋಸ್ಟ್‌ನ ಒಂದು ಡೈರೆಕ್ಟರಿಯ ಡಿಸ್ಕ್ರಿಪ್ಟರನ್ನು ಮುಚ್ಚದೆ ಬಿಟ್ಟಿದ್ದರು. ಕಂಟೇನರ್‌ನ ಆರಂಭದ ಡೈರೆಕ್ಟರಿಯನ್ನು /ಪ್ರಾಕ್/ಸೆಲ್ಫ್/ಎಫ್‌ಡಿ/7 ಅನ್ನುವಂಥ ಒಂದು ದಾರಿಗೆ ಇಟ್ಟರೆ, ಹುಟ್ಟುವಾಗಲೇ ಪ್ರೊಸೆಸ್ ಹೋಸ್ಟ್ ಒಳಗೆ ನಿಂತಿರುತ್ತಿತ್ತು. ಅಲ್ಲಿಂದ ಚುಕ್ಕೆ ಚುಕ್ಕೆ ಅಂತ ಮೇಲೇರಿದರೆ ಇಡೀ ಫೈಲ್ ಸಿಸ್ಟಂ. ರನ್‌ಸಿ 1.1.12ರಲ್ಲಿ ಸರಿಮಾಡಿದರು.

ಇದರಿಂದ ನಿಮಗೆ ಎರಡು ಕೆಲಸ. ತೆರೆಯುವ ಪ್ರತಿಯೊಂದಕ್ಕೂ ಓ_ಕ್ಲೋಎಕ್ಸೆಕ್ ಹಾಕಿ, ಆಗ ಪ್ರೊಸೆಸ್ ತನ್ನ ಜಾಗದಲ್ಲಿ ಹೊಸ ಪ್ರೋಗ್ರಾಂ ಓಡಿಸಿದಾಗ (ಎಕ್ಸೆಕ್) ಆ ಗೂಡುಗಳು ತಾವೇ ಮುಚ್ಚಿಕೊಳ್ಳುತ್ತವೆ. ತೆರೆದ ಮೇಲೆ ಬೇರೆ ಕರೆಯಲ್ಲಿ ಹಾಕೋಣ ಅಂದುಕೊಳ್ಳಬೇಡಿ. ನಡುವಿನ ಆ ಚಿಟಿಕೆ ಸಮಯದಲ್ಲಿ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿ (ಪ್ರೊಸೆಸ್‌ನ ನಕಲು ಹುಟ್ಟಿಸಿ) ಎಕ್ಸೆಕ್ ಮಾಡಿದರೆ ಸೋರಿಹೋಯಿತು. ಹಾಗೇ ಡೈರೆಕ್ಟರಿಯ ಡಿಸ್ಕ್ರಿಪ್ಟರನ್ನು ಯಾರಿಗೂ ಹಗುರವಾಗಿ ಕೊಡಬೇಡಿ. ಫೈಲ್ ಕೊಟ್ಟರೆ ಒಂದು ಫೈಲ್ ಹೋಗುತ್ತದೆ. ಡೈರೆಕ್ಟರಿ ಕೊಟ್ಟರೆ ಅಲ್ಲಿಂದ ಮೇಲಕ್ಕೆ ಹತ್ತುವ ಏಣಿಯೂ ಹೋಗುತ್ತದೆ, ಚ್‌ರೂಟ್ ಮಾಡಿ ಒಂದು ಡೈರೆಕ್ಟರಿಯೊಳಗೆ ಕೂಡಿಹಾಕಿದ್ದರೂ ಅಷ್ಟೇ. ನೀವೇ ಇನ್ನೊಬ್ಬರ ಪರವಾಗಿ ಡೈರೆಕ್ಟರಿಯೊಳಗೆ ಹೆಸರು ಹುಡುಕುವುದಾದರೆ ಲಿನಕ್ಸ್ 5.6ರಿಂದ ಓಪನ್‌ಅಟ್2 ಅನ್ನುವ ಕರೆ ಇದೆ. ಅದರಲ್ಲಿ ‘ಇದರ ಕೆಳಗೇ ಇರಬೇಕು’ ಅನ್ನುವ ರಿಸಾಲ್ವ್_ಬಿನೀತ್ ಷರತ್ತು ಹಾಕಬಹುದು.

ಈಗ ತೆಗೆದುಕೊಳ್ಳುವವರ ಕಡೆಯಿಂದ ನೋಡೋಣ. ಬಂದದ್ದು ಏನು ಅಂತ ಅವರಿಗೆ ಗೊತ್ತಿಲ್ಲ. ಸಾಮಾನ್ಯ ಫೈಲ್ ಅಂದುಕೊಂಡು ರೀಡ್ ಕರೆಯುತ್ತೀರಿ. ಅದು ಯಾರೂ ಬರೆಯದ ಪೈಪ್ ಆಗಿದ್ದರೆ ಅಲ್ಲೇ ಕುಳಿತುಬಿಡುತ್ತೀರಿ. ಹಾಗಾಗಿ ಬಂದ ಕೂಡಲೇ ಎಫ್‌ಸ್ಟ್ಯಾಟ್ ಮಾಡಿ, ಮಾಮೂಲು ಫೈಲೇ ಹೌದಾ, ಗಾತ್ರ ಸರಿಯಿದೆಯಾ ನೋಡಿ. ನಿಮ್ಮ ಸಂದರ್ಭದಲ್ಲಿ ಕೊಡುವವನು ರೂಟ್, ತೆಗೆದುಕೊಳ್ಳುವವನು ಚಿಕ್ಕವನು, ಹಾಗಾಗಿ ಭಯ ಕಡಿಮೆ. ಆದರೆ ಒಂದೇ ಸಾಕೆಟ್ ಎರಡೂ ದಿಕ್ಕಿಗೆ ಹರಿಯುತ್ತದೆ ಅನ್ನುವುದು ನೆನಪಿರಲಿ. ಚಿಕ್ಕವನೂ ನಿಮಗೆ ಡಿಸ್ಕ್ರಿಪ್ಟರ್ ಕಳಿಸಬಹುದು, ನೀವು ಕೇಳದೇ ಇದ್ದರೂ.

ಇಲ್ಲಿ ನಾನೇ ಬಿದ್ದ ಒಂದು ಗುಂಡಿ ಹೇಳುತ್ತೇನೆ. ಒಂದೇ ಡಿಸ್ಕ್ರಿಪ್ಟರ್ ತೆಗೆದುಕೊಳ್ಳಬೇಕು ಅಂತ, ಪುಸ್ತಕದಲ್ಲಿ ಇರುವ ಹಾಗೆ, ಕಂಟ್ರೋಲ್ ಬಫರಿಗೆ (ಕಂಟ್ರೋಲ್ ಮೆಸೇಜ್ ಬಂದು ಬೀಳುವ ಜಾಗ) ಸಿಎಂಎಸ್‌ಜಿ_ಸ್ಪೇಸ್ ಹೇಳಿದಷ್ಟು ಜಾಗ ಕೊಟ್ಟಿದ್ದೆ. 64 ಬಿಟ್ ಯಂತ್ರದಲ್ಲಿ ಅದು 24 ಬೈಟ್. ಹೆಡರ್‌ಗೆ 16. ಉಳಿದದ್ದು 8. ಒಂದು ಡಿಸ್ಕ್ರಿಪ್ಟರ್‌ಗೆ ಬೇಕಾದದ್ದು 4. ಸಾಲು ಸರಿಹೊಂದಿಸಲು ಇನ್ನೊಂದು 4 ಸೇರಿಕೊಂಡಿದೆ. ಅಂದರೆ ಕಳಿಸುವವನು ಎರಡು ಕಳಿಸಿದರೆ ಎರಡೂ ಸದ್ದಿಲ್ಲದೆ ಒಳಗೆ ಬರುತ್ತವೆ. ನಾನು ಮೊದಲನೆಯದನ್ನು ಬಳಸಿ, ಮುಚ್ಚಿ, ಸುಮ್ಮನಾಗುತ್ತಿದ್ದೆ. ಎರಡನೆಯದು ಪಟ್ಟಿಯಲ್ಲಿ ಹಾಗೇ ಕೂತಿರುತ್ತಿತ್ತು. ಆ ಕಡೆಯ ಪ್ರೋಗ್ರಾಂನ ಹೊಸ ಆವೃತ್ತಿ ಎರಡು ಕಳಿಸಲು ಶುರುಮಾಡಿತ್ತು, ನನಗೆ ಯಾರೂ ಹೇಳಿರಲಿಲ್ಲ. ನನ್ನ ಪ್ರೊಸೆಸ್ ತೆರೆದಿಡಬಹುದಾದ ಡಿಸ್ಕ್ರಿಪ್ಟರ್‌ಗಳ ಮಿತಿ 1024. ಮೂರನೇ ದಿನ ರಾತ್ರಿ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಸರ್ವರ್ ಕೈಚೆಲ್ಲಿತು. ಅಲ್ಲಿ ಯಾರದ್ದೂ ದುರುದ್ದೇಶ ಇರಲಿಲ್ಲ. ಇದ್ದಿದ್ದರೆ ಮೂರು ದಿನ ಬೇಕಾಗುತ್ತಿರಲಿಲ್ಲ, ಒಂದು ಸೆಕೆಂಡ್ ಸಾಕಿತ್ತು. ಬಂದದ್ದನ್ನೆಲ್ಲ ಎಣಿಸಿ, ಬೇಡದ್ದನ್ನು ಮುಚ್ಚಿ. ರಿಸೀವ್‌ಎಂಎಸ್‌ಜಿಗೆ ಎಂಎಸ್‌ಜಿ_ಸಿಎಂಎಸ್‌ಜಿ_ಕ್ಲೋಎಕ್ಸೆಕ್ ಫ್ಲ್ಯಾಗ್ ಕೊಡುವುದನ್ನೂ ಮರೆಯಬೇಡಿ. ಕಳಿಸಿದವನ ಕ್ಲೋಎಕ್ಸೆಕ್ ಜೊತೆಗೆ ಬರುವುದಿಲ್ಲ, ಅದು ವಸ್ತುವಿನ ಗುಣ ಅಲ್ಲ, ಗೂಡಿನ ಗುಣ.

ನಿಮ್ಮ ರೂಟ್‌ಗೆ ಚಿಕ್ಕವನಿಂದ ಯಾವ ಡಿಸ್ಕ್ರಿಪ್ಟರೂ ಬೇಡ ಅಲ್ವಾ? ಹಾಗಿದ್ದರೆ ರೂಟ್ ಕಡೆ ಕಂಟ್ರೋಲ್ ಬಫರೇ ಕೊಡಬೇಡಿ. ಬಂದ ಡಿಸ್ಕ್ರಿಪ್ಟರ್‌ಗಳನ್ನು ಕರ್ನಲ್ಲೇ ಬಿಸಾಡುತ್ತದೆ.

ಇನ್ನು ಚಿತ್ರಗಳು. 1920×1080ರ ಒಂದು ಚಿತ್ರ, ಪಿಕ್ಸೆಲ್‌ಗೆ 3 ಬೈಟ್ ಅಂದರೆ 62 ಲಕ್ಷ ಬೈಟ್ ದಾಟುತ್ತದೆ. ಅದನ್ನು ಸಾಕೆಟ್‌ನಲ್ಲಿ ಪ್ರತಿ ಸಲ ಕಾಪಿ ಮಾಡುವುದು ಚಿಕ್ಕ ಬೋರ್ಡಿಗೆ ಭಾರ, ನಿಜ. ಶೇರ್ಡ್ ಮೆಮೊರಿ ಬೇಕು. ಹೆಸರು ಬೇಕಿಲ್ಲ. ಊಹಿಸಬಹುದಾದ ಹೆಸರಿದ್ದರೆ ನಿಮ್ಮ ಪ್ರೋಗ್ರಾಂ ಶುರುವಾಗುವ ಮೊದಲೇ ಯಾರಾದರೂ ಅದೇ ಹೆಸರಿನಲ್ಲಿ ತಮ್ಮದೊಂದು ಮಾಡಿ ಕೂರಬಹುದು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ.

ಮೆಮ್‌ಎಫ್‌ಡಿ_ಕ್ರಿಯೇಟ್ ಬಳಸಿ. 2014ರ ಲಿನಕ್ಸ್ 3.17ರಲ್ಲಿ ಬಂದದ್ದು. ಯಾವ ಡೈರೆಕ್ಟರಿಯಲ್ಲೂ ಕಾಣದ, ಬರೀ ಮೆಮೊರಿಯಲ್ಲಿರುವ ಫೈಲ್ ಒಂದನ್ನು ಕೊಡುತ್ತದೆ. ಅದರ ಡಿಸ್ಕ್ರಿಪ್ಟರನ್ನು ಮೇಲೆ ಹೇಳಿದ ಹಾಗೆ ದಾಟಿಸಿ, ಇಬ್ಬರೂ ಎಂಮ್ಯಾಪ್ ಮಾಡಿಕೊಳ್ಳಿ, ಅಂದರೆ ಆ ಫೈಲನ್ನು ತಮ್ಮ ಮೆಮೊರಿಗೆ ಜೋಡಿಸಿಕೊಳ್ಳಿ.

ಆದರೆ ಇಲ್ಲೊಂದು ಕುತ್ತು ಇದೆ. ಚಿಕ್ಕ ಪ್ರೊಸೆಸ್ ಕೈಯಲ್ಲಿ ಬರೆಯುವ ಡಿಸ್ಕ್ರಿಪ್ಟರ್ ಇದ್ದರೆ, ಅದು ಆ ಫೈಲಿನ ಗಾತ್ರವನ್ನು ಸೊನ್ನೆಗೆ ಇಳಿಸಬಹುದು. ನಿಮ್ಮ ರೂಟ್ ಪ್ರೊಸೆಸ್ ಮುಂದಿನ ಚಿತ್ರ ಬರೆಯಲು ಅಲ್ಲಿಗೆ ಕೈ ಹಾಕಿದ ಕೂಡಲೇ ಸಿಗ್‌ಬಸ್ (ಇಲ್ಲದ ಜಾಗ ಮುಟ್ಟಿದ್ದಕ್ಕೆ ಕರ್ನಲ್ ಕಳಿಸುವ ಸಿಗ್ನಲ್) ಬಂದು ಸಾಯುತ್ತದೆ. ಅಧಿಕಾರ ಇಲ್ಲದವನು ಅಧಿಕಾರ ಇರುವವನನ್ನು ಒಂದೇ ಕರೆಯಲ್ಲಿ ಕೆಡವಿದ. ಓದಲು ಮಾತ್ರ ಕೊಟ್ಟರಾಯಿತು ಅನ್ನುತ್ತೀರಿ. ಮೆಮ್‌ಎಫ್‌ಡಿಯ ಐನೋಡ್ ಹುಟ್ಟುವಾಗಲೇ ಮೋಡ್ 777 ಇರುತ್ತದೆ, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. /ಪ್ರಾಕ್/ಸೆಲ್ಫ್/ಎಫ್‌ಡಿ ಆಟ ಇಲ್ಲಿ ಬೇರೆ ಯೂಸರ್‌ಗೂ ನಡೆಯುತ್ತದೆ!

ಇದಕ್ಕೆ ಮದ್ದು ಸೀಲ್. ಮೆಮ್‌ಎಫ್‌ಡಿ ಮಾಡುವಾಗ ಎಂಎಫ್‌ಡಿ_ಅಲೋ_ಸೀಲಿಂಗ್ ಅಂದರೆ, ಆಮೇಲೆ ಅದಕ್ಕೆ ಮುದ್ರೆ ಒತ್ತಬಹುದು. ಕುಗ್ಗಿಸುವಂತಿಲ್ಲ, ಹಿಗ್ಗಿಸುವಂತಿಲ್ಲ, ಬರೆಯುವಂತಿಲ್ಲ, ಇನ್ನು ಮುದ್ರೆಗಳನ್ನೇ ಬದಲಿಸುವಂತಿಲ್ಲ ಅಂತ ಬೇರೆಬೇರೆ ಮುದ್ರೆಗಳಿವೆ. ಒತ್ತಿದ ಮುದ್ರೆಯನ್ನು ತೆಗೆಯುವ ಕರೆ ಇಲ್ಲ, ರೂಟ್‌ಗೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಮುದ್ರೆ ಬೀಳುವುದು ಗೂಡಿನ ಮೇಲಲ್ಲ, ನಡು ಅಂತಸ್ತಿನ ಮೇಲೂ ಅಲ್ಲ, ಕೆಳಗಿನ ಐನೋಡ್ ಮೇಲೆ. ಹತ್ತು ಸಲ ಮತ್ತೆ ತೆರೆದರೂ ಮುದ್ರೆ ಅಲ್ಲೇ ಇರುತ್ತದೆ. 2019ರಲ್ಲಿ ರನ್‌ಸಿ ಮಾಡಿದ್ದು ಇದನ್ನೇ. ತನ್ನನ್ನೇ ಒಂದು ಮೆಮ್‌ಎಫ್‌ಡಿಗೆ ಕಾಪಿ ಮಾಡಿ, ಮುದ್ರೆ ಒತ್ತಿ, ಆ ಕಾಪಿಯನ್ನು ಓಡಿಸಿತು. ಕಂಟೇನರ್ ಒಳಗಿನವರು ಹಿಡಿದರೂ ಬರೆಯಲಾಗದ ಕಾಪಿ.

ನಿಮಗೆ ಒಂದು ತೊಡಕು ಉಳಿಯುತ್ತದೆ. ‘ಬರೆಯುವಂತಿಲ್ಲ’ ಅಂತ ಪೂರ್ತಿ ಮುದ್ರೆ ಒತ್ತಿದರೆ ನೀವೂ ಹೊಸ ಚಿತ್ರ ಬರೆಯುವಂತಿಲ್ಲ. ನಿಮ್ಮ ಬರೆಯುವ ಮ್ಯಾಪ್ ಇರುವಾಗ ಅದನ್ನು ಒತ್ತಲು ಹೋದರೆ ಕರ್ನಲ್ ಒಪ್ಪುವುದೂ ಇಲ್ಲ. ಲಿನಕ್ಸ್ 5.1ರಿಂದ ಎಫ್_ಸೀಲ್_ಫ್ಯೂಚರ್_ರೈಟ್ ಅಂತ ಇದೆ. ಈಗಾಗಲೇ ಇರುವ ಮ್ಯಾಪ್ ಮೂಲಕ ಬರೆಯಬಹುದು, ಇನ್ನು ಮುಂದೆ ಯಾರೂ ಹೊಸದಾಗಿ ಬರೆಯುವ ಮ್ಯಾಪ್ ಮಾಡುವಂತಿಲ್ಲ. ನಿಮಗೆ ಹೇಳಿಮಾಡಿಸಿದ್ದು. ಕ್ರಮ ಮಾತ್ರ ತಪ್ಪಬಾರದು. ಮೊದಲು ನಾಲ್ಕು ಚಿತ್ರ ಹಿಡಿಸುವಷ್ಟು, ಸುಮಾರು 25 ಎಂಬಿ, ಗಾತ್ರ ಇಟ್ಟುಕೊಳ್ಳಿ. ಆಮೇಲೆ ನೀವು ಬರೆಯುವ ಮ್ಯಾಪ್ ಮಾಡಿಕೊಳ್ಳಿ. ಆಮೇಲೆ ಕುಗ್ಗಿಸದ, ಹಿಗ್ಗಿಸದ, ಮುಂದೆ ಬರೆಯದ, ಮುದ್ರೆ ಬದಲಿಸದ ನಾಲ್ಕೂ ಮುದ್ರೆ ಒಟ್ಟಿಗೆ ಒತ್ತಿ. ಕೊನೆಗೆ ಕಳಿಸಿ. ನಾಲ್ಕು ಚಿತ್ರಗಳ ಜಾಗದಲ್ಲಿ ಯಾವುದರಲ್ಲಿ ಹೊಸ ಚಿತ್ರ ಇದೆ, ಯಾವುದನ್ನು ಓದಿ ಮುಗಿಸಿದೆ ಅನ್ನುವ ಮಾತುಕತೆ ಸಾಕೆಟ್‌ನಲ್ಲೇ ನಡೆಯಲಿ, ಪ್ರತಿ ಸಲ ಒಂದೆರಡು ಬೈಟ್ ತಾನೇ.

ಓದಿದ ನಂಬರ್ ಪ್ಲೇಟನ್ನು ವಾಪಸ್ ಕಳಿಸಲು ಶೇರ್ಡ್ ಮೆಮೊರಿ ಬಳಸಬೇಡಿ. ಯಾಕೆ ಅಂದರೆ, ಚಿಕ್ಕವನು ಅಲ್ಲಿ ‘ಉದ್ದ 10’ ಅಂತ ಬರೆಯುತ್ತಾನೆ. ನೀವು ಓದಿ, 16ಕ್ಕಿಂತ ಕಡಿಮೆ ಇದೆ, ಸರಿ ಅನ್ನುತ್ತೀರಿ. ಕಾಪಿ ಮಾಡುವಾಗ ಅದೇ ಜಾಗದಿಂದ ಉದ್ದವನ್ನು ಮತ್ತೆ ಓದುತ್ತೀರಿ. ಅಷ್ಟರಲ್ಲಿ ಅವನು ಅದನ್ನು 4000 ಮಾಡಿದ್ದಾನೆ. ನಿಮ್ಮ 16 ಬೈಟ್ ಬಫರ್ ಮೇಲೆ 4000 ಬೈಟ್ ಬಂದು ಬೀಳುತ್ತದೆ, ಅದೂ ರೂಟ್ ಪ್ರೊಸೆಸ್ ಒಳಗೆ. ನಿಮ್ಮ ಕೋಡಿನಲ್ಲಿ ಒಂದೇ ಸಲ ಓದಿದ್ದರೂ ಕಂಪೈಲರ್ ಎರಡು ಸಲ ಓದುವ ಹಾಗೆ ಮಾಡಬಹುದು. ನಂಬರ್ ಪ್ಲೇಟ್ ಅಂದರೆ ಹತ್ತು ಅಕ್ಷರ. ಸಾಕೆಟ್‌ನಲ್ಲಿ ಕಳಿಸಲಿ, ಕರ್ನಲ್ ಕಾಪಿ ಮಾಡಿಕೊಡುತ್ತದೆ, ಕಾಪಿಯಾದ ಮೇಲೆ ಯಾರೂ ಬದಲಿಸಲಾರರು. ದೊಡ್ಡದನ್ನು ಹಂಚಿ, ಚಿಕ್ಕದನ್ನು ಕಾಪಿ ಮಾಡಿ.

ಸಾಕೆಟ್ ಎಲ್ಲಿಂದ ತರುವುದು? ರೂಟ್ ಪ್ರೊಸೆಸ್ಸೇ ಚಿಕ್ಕವನನ್ನು ಹುಟ್ಟಿಸುವುದಾದರೆ ಸಾಕೆಟ್‌ಪೇರ್ (ಒಂದಕ್ಕೊಂದು ಜೋಡಿಸಿದ ಎರಡು ಸಾಕೆಟ್) ಮಾಡಿ ಫೋರ್ಕ್ ಮಾಡಿ. ಹೆಸರಿಲ್ಲ, ಹೊರಗಿನವರು ಬಂದು ಸೇರಲು ಬಾಗಿಲೇ ಇಲ್ಲ. ಮಗು ಪ್ರೊಸೆಸ್‌ನಲ್ಲಿ ಅದನ್ನು ಡೂಪ್2 ಮಾಡಿ 3ನೇ ಗೂಡಿಗೆ ತನ್ನಿ, 4ರಿಂದ ಮುಂದಿನದ್ದನ್ನೆಲ್ಲ ಕ್ಲೋಸ್_ರೇಂಜ್ ಕರೆಯಿಂದ ಮುಚ್ಚಿ, ಅದು ಲಿನಕ್ಸ್ 5.9ರಿಂದ ಇದೆ. ಸಾಕೆಟ್ ಮೊದಲೇ 3ರಲ್ಲಿದ್ದರೆ ಡೂಪ್2 ಏನೂ ಮಾಡುವುದಿಲ್ಲ, ಕ್ಲೋಎಕ್ಸೆಕ್ ಹಾಗೇ ಉಳಿದು ಎಕ್ಸೆಕ್ ಆದಾಗ ಸಾಕೆಟ್ ಮುಚ್ಚಿಹೋಗುತ್ತದೆ. ಆ ಒಂದು ಸಂದರ್ಭಕ್ಕೆ ಬೇರೆಯಾಗಿ ಫ್ಲ್ಯಾಗ್ ತೆಗೆಯಿರಿ. ಆಮೇಲೆ ಮಗುವಿನ ಅಧಿಕಾರ ಇಳಿಸಲು ಸೆಟ್‌ಗ್ರೂಪ್ಸ್, ಸೆಟ್‌ಜಿಐಡಿ, ಸೆಟ್‌ಯುಐಡಿ, ಇದೇ ಕ್ರಮದಲ್ಲಿ. ಮೊದಲೇ ಯೂಸರ್ ಬದಲಿಸಿದರೆ ಗ್ರೂಪ್ ಬದಲಿಸಲು ಅಧಿಕಾರ ಉಳಿದಿರುವುದಿಲ್ಲ. ಎರಡನ್ನೂ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಬೇರೆಬೇರೆಯಾಗಿ ಚಾಲೂ ಮಾಡುವುದಾದರೆ ಹೆಸರಿನ ಸಾಕೆಟ್ ಬೇಕಾಗುತ್ತದೆ. ಬಿಗಿ ಅನುಮತಿಯ ಡೈರೆಕ್ಟರಿಯಲ್ಲಿಡಿ, ಬಂದು ಸೇರಿದವರ ಯೂಸರ್ ಯಾರು ಅಂತ ಎಸ್‌ಒ_ಪಿಯರ್‌ಕ್ರೆಡ್ ಕೇಳಿ ನೋಡಿ. ಅಬ್‌ಸ್ಟ್ರಾಕ್ಟ್ ಸಾಕೆಟ್ (ಫೈಲ್ ಸಿಸ್ಟಂನಲ್ಲಿ ಕಾಣದ ಹೆಸರಿನದ್ದು) ಬೇಡ, ಅದಕ್ಕೆ ಅನುಮತಿ ಅನ್ನುವುದೇ ಇಲ್ಲ.

ಹುಡುಕುವಾಗ ನಿಮಗೆ ಪಿಐಡಿಎಫ್‌ಡಿ_ಗೆಟ್‌ಎಫ್‌ಡಿ ಕಣ್ಣಿಗೆ ಬೀಳಬಹುದು. ಅದು ಕೊಡುವ ಕರೆ ಅಲ್ಲ, ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಳ್ಳುವ ಕರೆ. ಅದಕ್ಕೆ ಡೀಬಗರ್ ಹಚ್ಚುವಷ್ಟು ಅಧಿಕಾರ ಬೇಕು. ಚಿಕ್ಕವನಿಗೆ ಆ ಅಧಿಕಾರ ಕೊಟ್ಟರೆ ಗೇಟನ್ನೇ ಕೊಟ್ಟ ಹಾಗೆ. ವಿಂಡೋಸ್‌ನ ಡೂಪ್ಲಿಕೇಟ್‌ಹ್ಯಾಂಡಲ್‌ನಲ್ಲಿ ಒಂದು ಸೊಗಸಿದೆ, ಕೊಡುವಾಗಲೇ ಹಕ್ಕನ್ನು ಕತ್ತರಿಸಿ ಕೊಡಬಹುದು. ಫ್ರೀಬಿಎಸ್‌ಡಿಯ ಕ್ಯಾಪ್ಸಿಕಂ ಅನ್ನುವ ರಕ್ಷಣಾ ವ್ಯವಸ್ಥೆಯಲ್ಲೂ ಡಿಸ್ಕ್ರಿಪ್ಟರ್ ಮೇಲೇ ‘ಓದು ಇರಲಿ, ಸೀಕ್ (ಗುರುತು ಸರಿಸುವುದು) ಬೇಡ’ ಅನ್ನುವಷ್ಟು ಸೂಕ್ಷ್ಮವಾಗಿ ಹಕ್ಕು ಇಳಿಸಬಹುದು. ಲಿನಕ್ಸ್‌ನಲ್ಲಿ ಎಲ್ಲ ಬಗೆಯ ಡಿಸ್ಕ್ರಿಪ್ಟರ್‌ಗೂ ಒಗ್ಗುವ ಅಂಥದ್ದು ಇಲ್ಲ ಅನ್ನುವುದು ನನ್ನ ಹಳೇ ಕೊರಗು.

ಎಲ್ಲ ಆದ ಮೇಲೆ ಚಿಕ್ಕ ಪ್ರೊಸೆಸ್ ಓಡುತ್ತಿರುವಾಗ ರೂಟ್ ಆಗಿ ಅದರ /ಪ್ರಾಕ್ ಒಳಗಿನ ಎಫ್‌ಡಿ ಡೈರೆಕ್ಟರಿಯನ್ನು ಪಟ್ಟಿ ಮಾಡಿ ನೋಡಿ. 0, 1, 2, ಸಾಕೆಟ್, ಕಾನ್ಫಿಗ್ ಫೈಲ್, ಒಂದು ಮೆಮ್‌ಎಫ್‌ಡಿ, ಇಷ್ಟೇ ಕಾಣಬೇಕು. ಕ್ಯಾಮೆರಾದ ಹೆಸರು ಅಲ್ಲಿ ಕಂಡರೆ ಎಲ್ಲೋ ಒಂದು ಕ್ಲೋಎಕ್ಸೆಕ್ ಬಿಟ್ಟುಹೋಗಿದೆ.

ಪತ್ರದ ಕೊನೆಗೆ ಪೈಥಾನ್‌ನಲ್ಲಿ ಇದೆಲ್ಲ ಆಗುತ್ತದಾ ಅಂತಲೂ ಕೇಳಿದ್ದಿರಿ. ಆಗುತ್ತದೆ. ಓಎಸ್ ಮಾಡ್ಯೂಲಿನ ಮೆಮ್‌ಎಫ್‌ಡಿ_ಕ್ರಿಯೇಟ್ 3.8ರಿಂದ, ಸಾಕೆಟ್ ಮಾಡ್ಯೂಲಿನ ಸೆಂಡ್_ಎಫ್‌ಡಿಎಸ್ ಮತ್ತು ರಿಸೀವ್_ಎಫ್‌ಡಿಎಸ್ 3.9ರಿಂದ ಇವೆ. ಮುದ್ರೆ ಒತ್ತಲು ಎಫ್‌ಸಿಎನ್‌ಟಿಎಲ್ ಮಾಡ್ಯೂಲ್. ಫ್ಯೂಚರ್_ರೈಟ್ ಹೆಸರು ನಿಮ್ಮ ಆವೃತ್ತಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ, ಅದರ ಬೆಲೆ 16, ಅದನ್ನೇ ನೇರವಾಗಿ ಬರೆಯಿರಿ.